ಪಿಂಚಣಿದಾರರ ಔಷಧೋಪಚಾರ: ಎಂಬತ್ತು ವರ್ಷಗಳ ಹಾದಿ

ಕೇಂದ್ರ ಸರ್ಕಾರದ ನೌಕರಿಯನ್ನು ನಂಬಿ ಊರು ಬಿಟ್ಟು ಬಂದು ಮುಂಬಯಿಯಲ್ಲಿ ನೆಲೆ ನಿಂತ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅಂಚೆ, ಕಸ್ಟಮ್ಸ್, ಆದಾಯ ತೆರಿಗೆ, ಲೆಕ್ಕ ಪರಿಶೋಧನೆ, ನೌಕಾದಳದ ಡಾಕ್‌ಯಾರ್ಡ್, ರೈಲ್ವೆ, ಹೀಗೆ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಧಾರವಾಡದ ಕಡೆಯವರೋ ಉಡುಪಿಯ ಕಡೆಯವರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಸೇವೆಯಲ್ಲಿರುವಾಗ ತುಟ್ಟಿಭತ್ಯೆ, ಬಡ್ತಿ, ಮನೆ ಬಾಡಿಗೆ ಭತ್ಯೆಗಳ ಲೆಕ್ಕ ನಮಗೆಲ್ಲ ಬಾಯಿಪಾಠ. ನಿವೃತ್ತಿ ಹತ್ತಿರವಾದಂತೆ ಗ್ರಾಚ್ಯುಟಿ, ಕಮ್ಯುಟೇಷನ್‌ಗಳ ಲೆಕ್ಕ ಶುರುವಾಗುತ್ತದೆ. ಇವೆಲ್ಲದರ ನಡುವೆ ಹಿಂದೆ ಬೀಳುವ ಪ್ರಶ್ನೆ ಒಂದೇ: ಮುಪ್ಪಿನಲ್ಲಿ ಕಾಯಿಲೆ ಬಿದ್ದರೆ ಔಷಧೋಪಚಾರದ ಭಾರ ಯಾರದು?

ಈ ಪ್ರಶ್ನೆಗೆ ಈಗ ಎರಡು ಉತ್ತರಗಳಿವೆ. ಒಂದು, ಸರ್ಕಾರ ತನ್ನ ನೌಕರರಿಗೂ ನಿವೃತ್ತರಿಗೂ ನಡೆಸುತ್ತಿರುವ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ. ನಮ್ಮ ಬಾಯಲ್ಲಿ ಸಿ.ಜಿ.ಎಚ್.ಎಸ್. ಇನ್ನೊಂದು, ಎಪ್ಪತ್ತು ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ಎಂದು 2024ರ ಅಕ್ಟೋಬರ್ 29ರಂದು ಆರಂಭವಾದ ಆಯುಷ್ಮಾನ್ ವಯ ವಂದನ ಕಾರ್ಡು. ಎರಡು ಆಸರೆಗಳಿರುವಾಗ ಚಿಂತೆ ಏಕೆಂದು ಕೇಳಬಹುದು. ಚಿಂತೆ ಇರುವುದು ಇಲ್ಲಿಯೇ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಯಾವುದನ್ನು ಹಿಡಿಯಬೇಕೆಂದು ತಿಳಿಯಬೇಕಾದರೆ ಇವು ಎಲ್ಲಿ ಹುಟ್ಟಿದವು, ಯಾರಿಗಾಗಿ ಹುಟ್ಟಿದವು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಒಂದೇ ಕಾಲದ ಎರಡು ಆರಂಭಗಳು

ಕಥೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗುತ್ತದೆ. ಆಗಿನ ಸರ್ಕಾರ ತನ್ನ ನೌಕರರಿಗಾಗಿ 1944ರಲ್ಲಿ ಕೇಂದ್ರ ಸೇವೆಗಳ ವೈದ್ಯಕೀಯ ಉಪಚಾರ ನಿಯಮಗಳನ್ನು ಮಾಡಿತು. ನೌಕರ ಗೊತ್ತುಪಡಿಸಿದ ವೈದ್ಯರ ಬಳಿ ಹೋಗಬೇಕು, ಚಿಕಿತ್ಸೆ ಪಡೆಯಬೇಕು, ಬಿಲ್ಲನ್ನು ಕಚೇರಿಗೆ ಸಲ್ಲಿಸಬೇಕು, ಹಣ ಹಿಂದಿರುಗುತ್ತದೆ. ಸಿ.ಜಿ.ಎಚ್.ಎಸ್. ಇಲ್ಲದ ಊರುಗಳಲ್ಲಿ ಸೇವೆಯಲ್ಲಿರುವವರಿಗೆ ಇಂದಿಗೂ ಅನ್ವಯವಾಗುವುದು ಇವೇ ನಿಯಮಗಳು. ಆದರೆ ಇವು ನಿವೃತ್ತ ನೌಕರರಿಗೆ ಅನ್ವಯಿಸುವುದಿಲ್ಲವೆಂಬ ಮಾತು ಆ ನಿಯಮಗಳಲ್ಲೇ ಸೇರಿಕೊಂಡಿತ್ತು. ನೌಕರನ ಆರೋಗ್ಯ ಸರ್ಕಾರಕ್ಕೆ ಬೇಕಾದದ್ದು ಅವನು ಮೇಜಿನ ಮುಂದೆ ಕೂತು ಕೆಲಸ ಮಾಡಲಿ ಎಂಬುದಕ್ಕಾಗಿ. ಮೇಜು ಬಿಟ್ಟು ಎದ್ದ ಮೇಲೆ ಆ ಕಾಳಜಿಗೂ ಕಾರಣ ಉಳಿಯುತ್ತಿರಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ವಿಚಾರವೂ ನಡೆದಿತ್ತು. 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ದೇಶದ ಆರೋಗ್ಯ ಸ್ಥಿತಿಯನ್ನೆಲ್ಲ ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟಿತು. ಕೊಡಲು ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ತಿರುಳು. ಒಂದು ಹಾದಿ ನೌಕರನದು, ಇನ್ನೊಂದು ಹಾದಿ ಪ್ರಜೆಯದು. ನೌಕರನೂ ಒಬ್ಬ ಪ್ರಜೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಎರಡು ಹಾದಿಗಳೂ ಬೇರೆ ಬೇರೆ ಕಡತಗಳಲ್ಲಿ, ಬೇರೆ ಬೇರೆ ವೇಗದಲ್ಲಿ ಸಾಗಿದವು. ಮುಂದಿನ ತೊಡಕಿಗೆಲ್ಲ ಬೇರು ಇಲ್ಲಿದೆ.

ದಿಲ್ಲಿಯಲ್ಲಿ ಹುಟ್ಟಿದ ಡಿಸ್ಪೆನ್ಸರಿ

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯಲ್ಲಿ ಸರ್ಕಾರಿ ನೌಕರರ ಬಡಾವಣೆಗಳು ಸಾಲುಸಾಲಾಗಿ ಎದ್ದವು. ಪ್ರತಿಯೊಬ್ಬನೂ ಮೊದಲು ಕೈಯಿಂದ ಹಣ ಕೊಟ್ಟು, ಬಿಲ್ಲು ಬರೆದು, ಅದು ಮಂಜೂರಾಗುವ ತನಕ ಕಾಯುವುದು ಕೆಳಹಂತದ ಗುಮಾಸ್ತನಿಗೆ ಕಷ್ಟವಾಗಿತ್ತು. ಸರ್ಕಾರಕ್ಕೂ ಬಿಲ್ಲುಗಳ ರಾಶಿ ದೊಡ್ಡ ತಲೆನೋವು. ಕಾರ್ಖಾನೆಯ ಕಾರ್ಮಿಕರಿಗಾಗಿ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇ.ಎಸ್.ಐ., 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಆರಂಭವಾಗಿತ್ತು. ಸಂಬಳದಿಂದ ಸ್ವಲ್ಪ ವಂತಿಗೆ, ಅದಕ್ಕೆ ಪ್ರತಿಯಾಗಿ ದವಾಖಾನೆಯ ಸೌಕರ್ಯ ಎಂಬ ಪದ್ಧತಿ ನಡೆಯಬಲ್ಲದು ಎಂಬುದನ್ನು ಅದು ತೋರಿಸಿತ್ತು.

ರಾಜಕುಮಾರಿ ಅಮೃತ್ ಕೌರ್ ಅವರು ಆರೋಗ್ಯ ಸಚಿವರಾಗಿದ್ದಾಗ, 1954ರ ಜುಲೈ 1ರಂದು ಸರ್ಕಾರಿ ನೌಕರರಿಗಾಗಿಯೂ ಅಂಥದೇ ಯೋಜನೆ ದಿಲ್ಲಿಯಲ್ಲಿ ಶುರುವಾಯಿತು. ಆಗ ಅದರ ಹೆಸರೇ ವಂತಿಗೆಯ ಆರೋಗ್ಯ ಸೇವಾ ಯೋಜನೆ. ಸಂಬಳಕ್ಕೆ ತಕ್ಕಂತೆ ತಿಂಗಳಿಗೆ ಸಣ್ಣ ಮೊತ್ತದ ಕಡಿತ. ಬಡಾವಣೆಯ ಹತ್ತಿರವೇ ಡಿಸ್ಪೆನ್ಸರಿ. ಅಲ್ಲಿ ಡಾಕ್ಟರು, ಅಲ್ಲಿಯೇ ಔಷಧ. ದೊಡ್ಡ ಕಾಯಿಲೆಯಾದರೆ ಚೀಟಿ ಬರೆಸಿಕೊಂಡು ಆಸ್ಪತ್ರೆಗೆ. ಬಿಲ್ಲಿನ ಕಾಟ ಇಲ್ಲ. ಇದೇ ಯೋಜನೆ ಮುಂದೆ ಸಿ.ಜಿ.ಎಚ್.ಎಸ್. ಎಂಬ ಹೆಸರು ಪಡೆಯಿತು. ಕಾಲಕ್ರಮದಲ್ಲಿ ಪಿಂಚಣಿದಾರರೂ ಇದರೊಳಗೆ ಬಂದರು.

ದಿಲ್ಲಿಯಿಂದ ಹೊರಗೆ ಈ ಯೋಜನೆ ಮೊದಲು ಕಾಲಿಟ್ಟದ್ದು ನಮ್ಮ ಮುಂಬಯಿಗೆ, 1963ರಲ್ಲಿ. 1969ರಲ್ಲಿ ಅಲಾಹಾಬಾದ್, 1972ರಲ್ಲಿ ಕಲ್ಕತ್ತ, 1973ರಲ್ಲಿ ನಾಗಪುರ, 1975ರಲ್ಲಿ ಮದರಾಸು, 1976ರಲ್ಲಿ ಬೆಂಗಳೂರು ಮತ್ತು ಹೈದರಾಬಾದು, 1978ರಲ್ಲಿ ಪುಣೆ ಸೇರಿದವು. ಈ ಸಾಲನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೌಕರರು ದಟ್ಟವಾಗಿ ನೆಲೆಸಿದ ಪಟ್ಟಣವೇ ಯೋಜನೆಯ ಪಟ್ಟಣ. ಕೆಲಸವಿರುವವರಿಗೆ ಇದು ಸರಿಯೇ. ಕಚೇರಿ ಎಲ್ಲಿದೆಯೋ ಮನೆ ಅಲ್ಲಿ, ದವಾಖಾನೆಯೂ ಅಲ್ಲಿ. ಆದರೆ ನಿವೃತ್ತನಾದವನು ಕಚೇರಿಯ ಪಕ್ಕದಲ್ಲಿ ಇರಬೇಕೆಂದಿಲ್ಲ. ಅವನಿಗೆ ಊರು ನೆನಪಾಗುತ್ತದೆ. ಇಬ್ಬರು ಮಕ್ಕಳ ಓದು, ಮಗಳ ಮದುವೆ ಮುಗಿದ ಮೇಲೆ ಗದಗಕ್ಕೋ ಕುಂದಾಪುರಕ್ಕೋ ಹೋಗಿ ಹಳೆಯ ಮನೆಯ ಹೆಂಚು ಸರಿಪಡಿಸಿ ಕೂರೋಣ ಎನಿಸುತ್ತದೆ. ದಶಕಗಳ ಕಾಲ ಇಡೀ ಕರ್ನಾಟಕದಲ್ಲಿ ಬೆಂಗಳೂರು ಒಂದೇ ಸಿ.ಜಿ.ಎಚ್.ಎಸ್. ಪಟ್ಟಣವಾಗಿತ್ತು. ಬೇರೆ ಊರಿಗೆ ಮರಳಿದವನ ಕೈಯಲ್ಲಿ ಪಿಂಚಣಿ ಇತ್ತು, ದವಾಖಾನೆ ಇರಲಿಲ್ಲ. ಈಗ ಯೋಜನೆ ದೇಶದ ಎಂಬತ್ತರಷ್ಟು ನಗರಗಳಿಗೆ ಹಬ್ಬಿದೆ. ಹಾಗಿದ್ದರೂ ಅದು ನಗರಗಳ ಯೋಜನೆಯೇ.

ನಿವೃತ್ತರು ಪಡೆದುಕೊಂಡದ್ದು

ನಿವೃತ್ತರ ಹಕ್ಕು ಒಂದೇ ದಿನದಲ್ಲಿ ಬಂದುದಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನಕಾರಾ ಪ್ರಕರಣದಲ್ಲಿ ತೀರ್ಪು ನೀಡಿ, ಪಿಂಚಣಿ ಎಂಬುದು ಸರ್ಕಾರ ದಯೆಯಿಂದ ಕೊಡುವ ಭಿಕ್ಷೆಯಲ್ಲ, ಅದು ದುಡಿದವನ ಹಕ್ಕು ಎಂದು ಹೇಳಿತು. ಆ ದಿನವನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. 1995ರಲ್ಲಿ ಕಲ್ನಾರಿನ ಕಾರ್ಖಾನೆಗಳ ಕಾರ್ಮಿಕರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸೇವೆಯಲ್ಲಿರುವಾಗ ಮಾತ್ರವಲ್ಲ, ನಿವೃತ್ತಿಯ ನಂತರವೂ ದುಡಿಮೆಗಾರನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗವೆಂದಿತು. 1944ರಲ್ಲಿ ಮೇಜಿನ ಮುಂದೆ ಮುಗಿಯುತ್ತಿದ್ದ ಹೊಣೆ ಅರ್ಧ ಶತಮಾನದ ಮೇಲೆ ಮನೆಯವರೆಗೆ ಬಂದಿತು.

ಐದನೆಯ ವೇತನ ಆಯೋಗ 1997ರಲ್ಲಿ ವರದಿ ಕೊಟ್ಟಾಗ ಊರಿಗೆ ಮರಳಿದ ನಿವೃತ್ತರ ಕಷ್ಟವನ್ನು ಗಮನಕ್ಕೆ ತಂದುಕೊಂಡಿತು. 1944ರ ನಿಯಮಗಳನ್ನು ಅವರಿಗೂ ವಿಸ್ತರಿಸಬೇಕೆಂಬ ಮಾತು ಬಂತು. ಆರೋಗ್ಯ ಸಚಿವಾಲಯ 1998ರ ಜೂನ್‌ನಲ್ಲಿ ತನ್ನ ಅಡ್ಡಿಯಿಲ್ಲವೆಂದು ಬರೆಯಿತು. ಆದರೆ ಹೊರೆ ಹೊರುವವರು ಯಾರೆಂಬ ಪ್ರಶ್ನೆಯಲ್ಲಿ ಆ ವಿಷಯ ಇಲಾಖೆಯಿಂದ ಇಲಾಖೆಗೆ ತಿರುಗಿತು. ಎಷ್ಟೋ ನಿವೃತ್ತರು ನ್ಯಾಯಮಂಡಲಿಯ ಬಾಗಿಲು ತಟ್ಟಬೇಕಾಯಿತು. ಎಲ್ಲರಿಗೂ ಕೈಗೆ ಬಂದದ್ದು ನಿಗದಿತ ವೈದ್ಯಕೀಯ ಭತ್ಯೆ. 1997ರ ಡಿಸೆಂಬರ್ 1ರಿಂದ ತಿಂಗಳಿಗೆ 100 ರೂಪಾಯಿ. 2008ರ ಸೆಪ್ಟೆಂಬರ್‌ನಿಂದ 300, 2014ರ ನವೆಂಬರ್‌ನಿಂದ 500, 2017ರ ಜುಲೈಯಿಂದ 1,000. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇರುವ ದಂಪತಿಗಳ ತಿಂಗಳ ಮಾತ್ರೆಗೆ ಈ ಮೊತ್ತ ಎಷ್ಟು ದಿನ ಬಂದೀತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಸಿ.ಜಿ.ಎಚ್.ಎಸ್. ಇಲ್ಲದ ಊರಿನಲ್ಲಿರುವ ನಿವೃತ್ತನಿಗೆ ಮೂರು ದಾರಿಗಳನ್ನು ನಿಯಮ ತೋರಿಸುತ್ತದೆ. ಬರೀ ಭತ್ಯೆ ಪಡೆದು ಸುಮ್ಮನಿರುವುದು ಮೊದಲನೆಯದು. ಭತ್ಯೆ ಬಿಟ್ಟು, ಹತ್ತಿರದ ಸಿ.ಜಿ.ಎಚ್.ಎಸ್. ಪಟ್ಟಣದಲ್ಲಿ ಕಾರ್ಡು ಮಾಡಿಸಿ ಹೊರರೋಗಿ ಚಿಕಿತ್ಸೆ, ಒಳರೋಗಿ ಚಿಕಿತ್ಸೆ ಎರಡನ್ನೂ ಅಲ್ಲಿ ಪಡೆಯುವುದು ಎರಡನೆಯದು. ದಿನನಿತ್ಯದ ಔಷಧಕ್ಕೆ ಭತ್ಯೆ, ಆಸ್ಪತ್ರೆ ಸೇರುವ ಪ್ರಸಂಗಕ್ಕೆ ಕಾರ್ಡು, ಇದು ಮೂರನೆಯದು. ಊರಿಗೆ ಮರಳುವವರಿಗೆ ಮೂರನೆಯದೇ ಹೆಚ್ಚಾಗಿ ಒಪ್ಪುವಂಥದ್ದು. ಆದರೆ ಈ ಮೂರನೆಯ ದಾರಿ ಇದೆಯೆಂಬುದೇ ಗೊತ್ತಿಲ್ಲದೆ, ಪಿಂಚಣಿ ಕಾಗದಗಳ ಜೊತೆ ಬಂದ ಆಯ್ಕೆಯ ನಮೂನೆಗೆ ಅವಸರದಲ್ಲಿ ಸಹಿ ಹಾಕಿ ಬರೀ ಭತ್ಯೆಗೆ ತೃಪ್ತಿಪಟ್ಟವರನ್ನು ನಾವು ನಮ್ಮ ನಡುವೆಯೇ ಕಾಣುತ್ತೇವೆ.

ಕಾರ್ಡಿನ ವಂತಿಗೆಯ ಲೆಕ್ಕವನ್ನೂ ಹೇಳಿಬಿಡೋಣ. 2017ರ ಫೆಬ್ರವರಿ 1ರಿಂದ ಜಾರಿಗೆ ಬಂದ ದರದಂತೆ ವೇತನದ 1ರಿಂದ 5ನೇ ಹಂತದವರಿಗೆ ತಿಂಗಳಿಗೆ 250, 6ನೇ ಹಂತಕ್ಕೆ 450, 7ರಿಂದ 11ಕ್ಕೆ 650, 12 ಮತ್ತು ಮೇಲಿನವರಿಗೆ 1,000 ರೂಪಾಯಿ. ನಿವೃತ್ತರು ವರ್ಷ ವರ್ಷ ಕಟ್ಟಬಹುದು. ಇಲ್ಲವೆ ಹತ್ತು ವರ್ಷದ ಮೊತ್ತವನ್ನು ಒಮ್ಮೆಗೇ ಕಟ್ಟಿದರೆ ಕಾರ್ಡು ಜೀವನ ಪರ್ಯಂತ. 6ನೇ ಹಂತದವರಿಗೆ ಅದು 54,000 ರೂಪಾಯಿ ಆಗುತ್ತದೆ. ನಿವೃತ್ತಿಯ ದಿನ ಕೈಗೆ ಬರುವ ಹಣದಲ್ಲಿ ಮೊದಲು ತೆಗೆದಿಡಬೇಕಾದ ಮೊತ್ತ ಇದೆಂದು ನಮ್ಮ ಅಭಿಪ್ರಾಯ.

2018ರ ಏಪ್ರಿಲ್ 13ರ ತೀರ್ಪೊಂದನ್ನು ಇಲ್ಲಿ ನೆನೆಯಬೇಕು. ಕಾರ್ಡಿದ್ದ ನಿವೃತ್ತ ಅಧಿಕಾರಿಯೊಬ್ಬರು ಹೃದಯದ ತುರ್ತು ಕಾಯಿಲೆಗೆ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಯ ಹೆಸರು ಸರ್ಕಾರದ ಆದೇಶದಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಚಿಕಿತ್ಸೆ ನಿಜವಾಗಿ ನಡೆದಿದೆಯೇ, ಅದಕ್ಕೆ ವೈದ್ಯರ ದಾಖಲೆ ಇದೆಯೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಿಲ್ಲು, ಡಿಸ್ಚಾರ್ಜ್ ಕಾಗದ, ಪರೀಕ್ಷೆಗಳ ವರದಿ ಇವನ್ನು ಏಕೆ ಜೋಪಾನವಾಗಿಡಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನೌಕರರ ಹಾದಿಯಲ್ಲಿಯೇ ಬೇರೆ ಕವಲುಗಳೂ ಇವೆ. ರೈಲ್ವೆಯ ನಿವೃತ್ತರಿಗೆ ಅವರದೇ ಆಸ್ಪತ್ರೆಗಳೂ 1997ರ ಉದಾರೀಕೃತ ಆರೋಗ್ಯ ಯೋಜನೆಯೂ ಇವೆ. ಮಾಜಿ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಇ.ಸಿ.ಎಚ್.ಎಸ್. ಬಂತು, ಮನೆಮನೆಯಿಂದ ಸೈನ್ಯಕ್ಕೆ ಹೋಗುವ ಕೊಡಗಿನವರಿಗೆ ಅದರ ಬೆಲೆ ಗೊತ್ತು.

ಪ್ರಜೆಯ ಹಾದಿ

ಇನ್ನು ಎರಡನೆಯ ಹಾದಿಗೆ ಬರೋಣ. ಭೋರ್ ಸಮಿತಿಯ ಆಶಯ ಕಾರ್ಡಿನ ರೂಪ ತಾಳಲು ಅರವತ್ತು ವರ್ಷ ಹಿಡಿಯಿತು. 2008ರ ಏಪ್ರಿಲ್ 1ರಂದು ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ವೆಚ್ಚದ ಭರವಸೆ ಕೊಟ್ಟಿತು. 2016ರಲ್ಲಿ ಆ ಕುಟುಂಬಗಳ ಅರವತ್ತು ದಾಟಿದ ಹಿರಿಯರಿಗೆ ಅದರ ಮೇಲೆ ಇನ್ನೊಂದು 30,000 ಸೇರಿಸಲಾಯಿತು. ಒಂದರ ಮೇಲೊಂದು ಸೇರಿಸುವ ಈ ಪದ್ಧತಿಯನ್ನು ಗಮನದಲ್ಲಿಡಬೇಕು.

2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆಯುಷ್ಮಾನ್ ಭಾರತ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಉದ್ಘಾಟನೆಯಾದಾಗ ಮೊತ್ತ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷಕ್ಕೆ ಏರಿತು. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಚಿವ ಸಂಪುಟ ಇದನ್ನು ಆದಾಯದ ಮಿತಿಯಿಲ್ಲದೆ ಎಪ್ಪತ್ತು ತುಂಬಿದ ಎಲ್ಲರಿಗೂ ವಿಸ್ತರಿಸಲು ಒಪ್ಪಿಗೆ ಕೊಟ್ಟಿತು. ಸುಮಾರು 4.5 ಕೋಟಿ ಕುಟುಂಬಗಳ 6 ಕೋಟಿ ಹಿರಿಯರು ಇದರ ವ್ಯಾಪ್ತಿಗೆ ಬರುವರೆಂದು ಸರ್ಕಾರದ ಅಂದಾಜು. ವಂತಿಗೆ ಇಲ್ಲ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇಲ್ಲ, ಆಧಾರ್ ಇದ್ದರೆ ಸಾಕು. ಹಿಂದೆಯೇ ಯೋಜನೆಯಲ್ಲಿದ್ದ ಬಡ ಕುಟುಂಬದ ಹಿರಿಯರಿಗೆ ಅವರದೇ ಆದ ಪ್ರತ್ಯೇಕ 5 ಲಕ್ಷ ಸೇರಿತು. ಎಪ್ಪತ್ತು ವರ್ಷ ಬದುಕಿದ್ದೇ ಅರ್ಹತೆ ಎಂದು ಈ ದೇಶದಲ್ಲಿ ಹೇಳಿದ್ದು ದೊಡ್ಡ ಮಾತೇ ಸರಿ.

ಹಾದಿಗಳು ಕೂಡುವ ಜಾಗ

ಹೀಗೆ ಎಂಬತ್ತು ವರ್ಷ ಬೇರೆಯಾಗಿ ನಡೆದ ಎರಡು ಹಾದಿಗಳು 2024ರಲ್ಲಿ ನಮ್ಮ ನಿವೃತ್ತನ ಮನೆ ಬಾಗಿಲಲ್ಲಿ ಎದುರಾದವು. ಅಲ್ಲಿ ನಿಯಮ ಹೇಳಿದ್ದು ಇಷ್ಟು: ಖಾಸಗಿ ವಿಮೆ ಇರುವವರೂ ಇ.ಎಸ್.ಐ. ಇರುವವರೂ ಹೊಸ ಕಾರ್ಡು ಪಡೆಯಬಹುದು. ಆದರೆ ಸಿ.ಜಿ.ಎಚ್.ಎಸ್., ಇ.ಸಿ.ಎಚ್.ಎಸ್. ಮೊದಲಾದ ಸರ್ಕಾರಿ ಯೋಜನೆಗಳಲ್ಲಿರುವವರು ಅದನ್ನು ಉಳಿಸಿಕೊಳ್ಳಬೇಕು ಅಥವಾ ಇದನ್ನು ಆರಿಸಿಕೊಳ್ಳಬೇಕು. ಆಯ್ಕೆಯ ಅವಕಾಶ ಒಂದೇ ಸಲ.

ಇದೇ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಅಲ್ಲಿ ಸರ್ಕಾರಿ ನೌಕರರ ಆರೋಗ್ಯ ವಿಮೆ 1960ರಲ್ಲಿ ಆರಂಭವಾಯಿತು. ಅರವತ್ತೈದು ದಾಟಿದ ಎಲ್ಲರಿಗೂ ಮೆಡಿಕೇರ್ ಎಂಬ ಯೋಜನೆಗೆ 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಮೊದಲು ಅಲ್ಲಿಯೂ ಇವು ಬೇರೆ ಬೇರೆ. 1983ರಿಂದ ಸರ್ಕಾರಿ ನೌಕರರ ಸಂಬಳದಿಂದಲೂ ಮೆಡಿಕೇರ್ ತೆರಿಗೆ ಹಿಡಿಯತೊಡಗಿದರು. ಈಗ ಎರಡೂ ಇರುವ ನಿವೃತ್ತನ ಬಿಲ್ಲನ್ನು ಮೆಡಿಕೇರ್ ಮೊದಲು ತೀರಿಸುತ್ತದೆ, ಉಳಿದದ್ದನ್ನು ನೌಕರ ವಿಮೆ ನೋಡಿಕೊಳ್ಳುತ್ತದೆ. ಅಲ್ಲಿ ವಂತಿಗೆಯ ಹೊರೆ ಹೆಚ್ಚು, ಅದನ್ನು ಮರೆಯಬಾರದು. ಆದರೆ ಎರಡನ್ನು ಜೋಡಿಸುವುದು ಅಸಾಧ್ಯವಲ್ಲ ಎಂಬುದಕ್ಕೆ ಅದು ಉದಾಹರಣೆ. ಅಷ್ಟು ದೂರ ಹೋಗುವುದೂ ಬೇಡ. ಸಿ.ಜಿ.ಎಚ್.ಎಸ್. ಕಾರ್ಡಿನ ಜೊತೆ ಖಾಸಗಿ ವಿಮೆ ಇದ್ದವರು ಮೊದಲು ವಿಮಾ ಕಂಪನಿಯಿಂದ ಪಡೆದು, ಉಳಿದದ್ದನ್ನು ಯೋಜನೆಯ ದರದ ಮಿತಿಯೊಳಗೆ ಸಿ.ಜಿ.ಎಚ್.ಎಸ್.ನಿಂದ ಕೇಳಬಹುದು; ಒಟ್ಟು ಮೊತ್ತ ಖರ್ಚನ್ನು ಮೀರಬಾರದು ಅಷ್ಟೆ. ಖಾಸಗಿ ಕಂಪನಿಯೊಂದಿಗೆ ಆಗುವ ಜೋಡಣೆ ಸರ್ಕಾರದ್ದೇ ಎರಡು ಯೋಜನೆಗಳ ನಡುವೆ ಆಗದಿರುವುದು ವಿಚಿತ್ರ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಮುಪ್ಪಿನ ಖರ್ಚು ಎರಡು ಬಗೆ. ಒಂದು, ಅಪರೂಪಕ್ಕೆ ಬರುವ ದೊಡ್ಡ ಖರ್ಚು: ಶಸ್ತ್ರಚಿಕಿತ್ಸೆ, ಹೃದಯ, ಮೂಳೆ. ಇನ್ನೊಂದು, ದಿನ ಬೆಳಗಾದರೆ ಬರುವ ಸಣ್ಣ ಖರ್ಚು: ಮಾತ್ರೆ, ರಕ್ತಪರೀಕ್ಷೆ, ಡಾಕ್ಟರ ಶುಲ್ಕ. ಹೊಸ ಕಾರ್ಡು ಮೊದಲನೆಯದಕ್ಕೆ ಮಾತ್ರ. ಆಸ್ಪತ್ರೆ ಸೇರುವ ಮುನ್ನ ಮೂರು ದಿನ, ಬಿಟ್ಟ ಮೇಲೆ ಹದಿನೈದು ದಿನದ ಔಷಧ ಅದರಲ್ಲಿ ಸೇರಿದೆ. ಹೊರರೋಗಿಯ ಚಿಕಿತ್ಸೆ ಸೇರಿಲ್ಲ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ 5 ಲಕ್ಷ ಇಬ್ಬರಿಗೂ ಸೇರಿ. ಸಿ.ಜಿ.ಎಚ್.ಎಸ್. ಎರಡು ಬಗೆಯ ಖರ್ಚನ್ನೂ ನೋಡಿಕೊಳ್ಳುತ್ತದೆ. ಅದರಲ್ಲಿ ಪ್ರತಿ ಚಿಕಿತ್ಸೆಗೆ ದರದ ಮಿತಿ ಇದೆಯೇ ಹೊರತು ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ತಜ್ಞರನ್ನು ಡಿಸ್ಪೆನ್ಸರಿಯ ಚೀಟಿ ಇಲ್ಲದೆ ನೇರವಾಗಿ ಕಾಣುವ ವಯಸ್ಸನ್ನು 2024ರಲ್ಲಿ 75ರಿಂದ 70ಕ್ಕೆ ಇಳಿಸಿದ್ದಾರೆ. ಒಂದು ನಗರದ ಕಾರ್ಡು ಬೇರೆ ಸಿ.ಜಿ.ಎಚ್.ಎಸ್. ನಗರದಲ್ಲೂ ನಡೆಯುತ್ತದೆ.

ಆದ್ದರಿಂದ ಮುಂಬಯಿ, ಪುಣೆ, ಬೆಂಗಳೂರಿನಂಥ ಕಡೆ ಇರುವ ನಿವೃತ್ತರು ಹೊಸ ಕಾರ್ಡಿನ ಆಸೆಗೆ ಹಳೆಯದನ್ನು ಬಿಡಬಾರದೆಂದು ನಮಗೆ ತೋರುತ್ತದೆ. ಊರಿಗೆ ಮರಳಿದವರು ಸ್ವಲ್ಪ ಯೋಚಿಸಬೇಕು. ಹತ್ತಿರದ ಸಿ.ಜಿ.ಎಚ್.ಎಸ್. ಆಸ್ಪತ್ರೆ ಎಷ್ಟು ಮೈಲಿ? ರಾತ್ರಿ ಎದೆನೋವು ಬಂದರೆ ಅಲ್ಲಿಗೆ ತಲುಪಲಾದೀತೇ? ಜಿಲ್ಲಾ ಸ್ಥಳದ ಆಸ್ಪತ್ರೆಯಲ್ಲಿ ಹೊಸ ಕಾರ್ಡು ನಡೆಯುತ್ತದೆಯೇ? ಈ ಯೋಜನೆಯನ್ನು ನಡೆಸುವುದು ಆಯಾ ರಾಜ್ಯದ ಕೈಯಲ್ಲಿರುವುದರಿಂದ ಕಡೆಯ ಪ್ರಶ್ನೆಯನ್ನು ಆಸ್ಪತ್ರೆಯ ಕೌಂಟರಿನಲ್ಲೇ ಕೇಳಿ ತಿಳಿಯಬೇಕು. ತಂದೆತಾಯಿಗಳ ವಿಷಯವೂ ಹೀಗೆಯೇ. ನಮ್ಮ ಕಾರ್ಡಿನಲ್ಲಿ ಅವಲಂಬಿತರೆಂದು ಹೆಸರಿದ್ದವರಿಗೆ ಆಯ್ಕೆಯ ಕಟ್ಟು ಉಂಟು. ಹೆಸರಿಲ್ಲದೆ ಊರಲ್ಲಿರುವ, ಎಪ್ಪತ್ತು ದಾಟಿದ ತಂದೆತಾಯಿಗಳಿಗೆ ಯಾವ ಅಡ್ಡಿಯೂ ಇಲ್ಲ. ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಅವರ ಕಾರ್ಡಿನ ಕೆಲಸ ಮುಗಿಸಿಯೇ ಬರಬೇಕು.

ಇನ್ನೂ ಒಂದು ಮಾತು ಮನೆಯ ಹೆಂಗಸರಿಗೆ. ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಸಿ.ಜಿ.ಎಚ್.ಎಸ್. ಹಕ್ಕುಂಟು. ಕಾಗದಗಳು ಎಲ್ಲಿವೆ, ಯಾವ ಆಯ್ಕೆಗೆ ಸಹಿ ಹಾಕಿದೆ ಎಂಬುದನ್ನು ಗಂಡನಾದವನು ಹೆಂಡತಿಗೆ ಹೇಳಿರಬೇಕು. ಎಷ್ಟೋ ಮನೆಗಳಲ್ಲಿ ಅದು ಗೋದ್ರೇಜ್ ಕಪಾಟಿನೊಳಗಿನ ಗುಟ್ಟಾಗಿಯೇ ಉಳಿದಿರುತ್ತದೆ.

ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ಮುಪ್ಪನ್ನು ಕುರಿತು ನಮ್ಮಲ್ಲಿ ಗಾದೆ ಇದೆ. ಸರ್ಕಾರಿ ನಿವೃತ್ತನ ಪಾಲಿಗೆ ಊರು ಬಾ ಎನ್ನುತ್ತದೆ, ಡಿಸ್ಪೆನ್ಸರಿ ಬೇಡ ಎನ್ನುತ್ತದೆ. ನೌಕರನಾಗಿ ವಂತಿಗೆ ಕಟ್ಟಿದವನು ಅವನೇ, ಎಪ್ಪತ್ತು ತುಂಬಿದ ಪ್ರಜೆಯೂ ಅವನೇ. ನೌಕರನ ಹಕ್ಕಿನಿಂದ ದಿನದ ಮಾತ್ರೆ, ಪ್ರಜೆಯ ಹಕ್ಕಿನಿಂದ ಊರಿನ ಆಸ್ಪತ್ರೆ, ಎರಡನ್ನೂ ಕೊಡುವುದು ಸರ್ಕಾರಕ್ಕೆ ಆಗದ ಕೆಲಸವಲ್ಲ. ಪಿಂಚಣಿದಾರರ ಸಂಘಗಳು ಹಿಂದೆ ಭತ್ಯೆಗಾಗಿ ಬರೆದಂತೆ ಈಗ ಇದಕ್ಕಾಗಿ ಬರೆಯಬೇಕು. ಅದು ಆಗುವ ತನಕ, ಅರವತ್ತಕ್ಕೆ ಒಂದು ಸಲ, ಎಪ್ಪತ್ತಕ್ಕೆ ಇನ್ನೊಂದು ಸಲ, ಸಹಿ ಹಾಕುವ ಮುನ್ನ ನಮೂನೆಯನ್ನು ಪೂರ್ತಿ ಓದುವುದು ನಮ್ಮ ಕೈಯಲ್ಲೇ ಇದೆ.